ಮೂರನೆಯ ಕುಕ್ಕೆ

ನಮ್ಮೂರಲ್ಲಿ ಸೊಳ್ಳೆಯನ್ನು ಯಾರೂ ಬೈಯುವುದಿಲ್ಲ. ಬೈದರೆ ಆ ಮನೆಯ ಮುತ್ತಜ್ಜಿಯನ್ನೇ ಬೈದ ಹಾಗೆ. ಒಂದೊಂದು ಮನೆಗೆ ಒಂದೊಂದು ಬಾನಿ, ಹಿತ್ತಲ ಬಾಗಿಲ ಪಕ್ಕ ಕುತ್ತಿಗೆಮಟ್ಟ ಹೂತಿಟ್ಟ ಮಣ್ಣಿನ ಬಾನಿ. ಆ ಮನೆಯ ಸೊಳ್ಳೆಗಳು ಅದರ ನೀರಲ್ಲಿ ಹುಟ್ಟುತ್ತವೆ, ಆ ಸೂರಿನಡಿಯೇ ಸಾಯುತ್ತವೆ, ಹೊಸಿಲು ದಾಟುವುದಿಲ್ಲ. ಬಾನಿಯ ನೀರಲ್ಲಿ ಕಾಲು ತೊಳೆದವರನ್ನು ಮಾತ್ರ ಕಚ್ಚುತ್ತವೆ. ಹಾಗಾಗಿ ಬಂದ ನೆಂಟರಿಗೆ ಬಾವಿಯ ನೀರು, ಮನೆಯವರಿಗೆ ಬಾನಿಯ ನೀರು. ಹೆಣ್ಣು ಹೆರಿಗೆಗೆ ತವರಿಗೆ ಬಂದರೆ, ಕೂಸು ಹುಟ್ಟಿದ ಮೂರನೆಯ ಮುಸ್ಸಂಜೆ ಅವಳ ತಾಯಿ ಆ ಕೂಸಿನ ಪಾದವನ್ನು ಬಾನಿಯಲ್ಲಿ ಅದ್ದಿ ತೊಡೆಯ ಮೇಲೆ ಹಾಕಿಕೊಂಡು ಕೂರಬೇಕು. ಮೊದಲ ಸೊಳ್ಳೆ ಕಚ್ಚಿದ ಜಾಗಕ್ಕೆ ಅರಿಶಿನ ಹಚ್ಚಿದ ಮೇಲೆಯೇ ಕೂಸು ನಮ್ಮದು. ಅಲ್ಲಿಯವರೆಗೆ ಅದೂ ನೆಂಟರ ಹಾಗೇ.

ಮದುವೆಯೆಂದರೆ ನಮ್ಮಲ್ಲಿ ನೀರು ಕೂಡಿಸುವುದು. ಹುಡುಗಿ ತವರ ಬಾನಿಯಿಂದ ಒಂದು ಚೊಂಬು ನೀರು ತುಂಬಿಕೊಂಡು ಹೋಗಿ ಗಂಡನ ಮನೆಯ ಬಾನಿಗೆ ಹೊಯ್ಯುತ್ತಾಳೆ. ಮುಂದೆ ಹುಟ್ಟುವ ಸೊಳ್ಳೆಗಳು ಎರಡೂ ಮನೆಯ ಮಕ್ಕಳು. ಅದಕ್ಕೇ ಮೊದಲು ಬಾನಿಯ ತಳಿ ನೋಡಬೇಕು. ಕೆಂಡಜ್ವರ ಬಂದವರ ರಕ್ತ ಕುಡಿದ ಸೊಳ್ಳೆ ಕೆಲವು ಬಾನಿಗಳಲ್ಲಿ ಹನ್ನೆರಡು ದಿನ ಕಳೆಯುವಷ್ಟರಲ್ಲಿ ತಾನೂ ಜ್ವರ ಹೊತ್ತುಕೊಂಡು ಓಡಾಡುತ್ತದೆ. ಇನ್ನು ಕೆಲವು ಬಾನಿಗಳ ಸೊಳ್ಳೆ ಅದೇ ರಕ್ತ ಕುಡಿದು ಏನೂ ಆಗದ ಹಾಗೆ ಇರುತ್ತದೆ. ನೀರು ಕೊಳಕೋ ಶುಭ್ರವೋ ಎಂಬ ಮಾತಲ್ಲ ಇದು. ತಾಯಿಗೆ ಇದ್ದದ್ದು ಮಗಳಿಗೆ, ಮಗಳಿಗೆ ಇದ್ದದ್ದು ಮೊಮ್ಮಗಳಿಗೆ. ಹಿಡಿಯುವ ಬಾನಿಯವರು ಕಾಲುವೆಯ ಆಚೆ, ಹಿಡಿಯದ ಬಾನಿಯವರು ಈಚೆ. ಆಚೆಯವರಿಗೂ ಈಚೆಯವರಿಗೂ ಹೆಣ್ಣು ಕೊಟ್ಟು ತರುವುದಿಲ್ಲ.

ಆ ತಳಿ ನೋಡುವವಳು ನಾನು, ಹೊನ್ನಾಜಮ್ಮ. ಊರಿನವರು ನನ್ನನ್ನು ಕೈಯಿಡುವವಳು ಎನ್ನುತ್ತಾರೆ. ಬಿದಿರ ಕುಕ್ಕೆಗೆ ತೆಳುಬಟ್ಟೆ ಹೊಲಿದು, ಅದರೊಳಗೆ ಬಾನಿಯ ಇಪ್ಪತ್ತು ಹೆಣ್ಣು ಸೊಳ್ಳೆ ಬಿಡುತ್ತೇನೆ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಹೂವಿನ ರಸ ಹೀರಿ ಹಾಡಿಕೊಂಡು ತಿರುಗುತ್ತದೆ, ನಮ್ಮೂರ ಗಂಡಸರ ಹಾಗೆ. ಜ್ವರ ಬಂದವರನ್ನು ಆಚೆಯಿಂದ ಕರೆಸಿ ಅವರ ಕೈಯನ್ನು ಬಾನಿಯ ನೀರಲ್ಲಿ ತೊಳೆಸಿ ಕುಕ್ಕೆಯೊಳಗೆ ಇಡಿಸುತ್ತೇನೆ. ಹನ್ನೆರಡು ದಿನ ಸೊಳ್ಳೆಗಳಿಗೆ ಬೆಲ್ಲದ ನೀರು. ಹದಿಮೂರನೆಯ ದಿನ ಅದೇ ಕುಕ್ಕೆಯಲ್ಲಿ ನನ್ನ ಎಡಗೈ. ಐದು ದಿನದೊಳಗೆ ನನಗೆ ಜ್ವರ ಬಂದರೆ ಅದು ಹಿಡಿಯುವ ಬಾನಿ, ಬಾರದಿದ್ದರೆ ಹಿಡಿಯದ ಬಾನಿ. ಕೆಂಡಜ್ವರ ಒಮ್ಮೆ ಬಂದವರಿಗೆ ಮತ್ತೆ ಬಾರದು. ಅದಕ್ಕೇ ಕೈಯಿಡುವವಳು ಜ್ವರ ಕಾಣದ ಮೈಯವಳಾಗಿರಬೇಕು. ಮೂವತ್ತು ವರ್ಷ ಕೈ ಇಟ್ಟೆ, ಒಂದು ಸಲವೂ ಮೈ ಬೆಚ್ಚಗಾಗಲಿಲ್ಲ. ಆಗುವುದಾದರೂ ಹೇಗೆ? ಈಚೆಯ ನಲವತ್ತು ಮನೆಯ ಬಾನಿಗಳೂ ಒಬ್ಬಳೇ ಮುತ್ತಜ್ಜಿಯ ಬಾನಿಯಿಂದ ಕವಲೊಡೆದವು. ನನ್ನ ಮನೆಯದೊಂದೇ ಬೇರೆ. ನನ್ನ ಅಜ್ಜಿ ಹೊಳೆಯ ಕೆಳಗಿನ ಯಾವುದೋ ಊರಿಂದ ತಲೆಯ ಮೇಲೆ ಹೊತ್ತು ತಂದ ನೀರು ಅದು. ಅವ್ವನ ಗಂಡನೂ ನನ್ನ ಗಂಡನೂ ಮನೆಯಳಿಯರಾಗಿ ಬಂದವರು, ಹಾಗಾಗಿ ಅದು ಯಾರ ನೀರಿಗೂ ಕೂಡಿರಲಿಲ್ಲ.

ಆ ನೀರು ಹಿಡಿಯದ ನೀರೆಂದು ನನಗೆ ಎಷ್ಟು ಜಂಬವಿತ್ತು ಎಂದರೆ, ಮಗಳು ದೇವೀರಿಯನ್ನು ದೊಡ್ಡತಾಯಮ್ಮನ ಮನೆಗೇ ಕೊಟ್ಟೆ. ಈಚೆದಡದಲ್ಲಿ ಅದಕ್ಕಿಂತ ದೊಡ್ಡ ಮನೆ ಇಲ್ಲ. ಎರಡು ಕುಕ್ಕೆ ಕಟ್ಟಿದೆ, ಒಂದರಲ್ಲಿ ನಮ್ಮ ಸೊಳ್ಳೆ, ಒಂದರಲ್ಲಿ ಅವರದು. ಎರಡಕ್ಕೂ ಕೈ ಇಟ್ಟೆ. ಐದು ದಿನ ಬಿಟ್ಟು ಹೋಳಿಗೆ ತಿಂದೆ. ನೀರು ಕೂಡಿಸಿದೆವು. ಕೂಡಿದ ನೀರಿಗೆ ಯಾರೂ ಕೈಯಿಡುವುದಿಲ್ಲ. ಹಾಲಿಗೆ ಹಾಲು ಸೇರಿದರೆ ಹಾಲೇ ತಾನೆ ಎಂಬುದು ನಮ್ಮವರ ಲೆಕ್ಕ. ನನ್ನದೂ ಅದೇ ಲೆಕ್ಕವಾಗಿತ್ತು.

ಎರಡು ವರ್ಷ ಎಲ್ಲ ಸರಿಯಿತ್ತು. ದೇವೀರಿಗೆ ಏಳು ತಿಂಗಳಾಗಿತ್ತು. ಆಗ ಉಪ್ಪಿನ ವ್ಯಾಪಾರಿಯೊಬ್ಬ ದೊಡ್ಡತಾಯಮ್ಮನ ಮನೆಯಲ್ಲಿ ಇಳಿದುಕೊಂಡ. ಇಪ್ಪತ್ತು ವರ್ಷದಿಂದ ಬರುವವನು, ಮನೆಯವನ ಹಾಗೆ ಎಂದು ಆಯಮ್ಮ ಬಾನಿಯ ನೀರನ್ನೇ ಕೊಟ್ಟು ಕಾಲು ತೊಳೆಸಿದಳು. ಅವನ ಮೈ ಸುಡುತ್ತಿದ್ದದ್ದು ಬಿಸಿಲಿಗೆ ಅಂದುಕೊಂಡಳು. ಅವನು ಹೋದ ಹದಿನಾರನೆಯ ದಿನ ನನ್ನ ಅಳಿಯ ಕರಿಬಸವ ಹೊಲದಿಂದ ಬಂದವನು ಜಗಲಿಯ ಮೇಲೆ ಕುಸಿದ. ಕಣ್ಣು ಕೆಂಪು, ಕೀಲುಕೀಲಲ್ಲಿ ನೋವು, ಮೈ ಕೆಂಡ. ಈಚೆದಡದಲ್ಲಿ ಕೆಂಡಜ್ವರ ಕಂಡದ್ದು ಅದೇ ಮೊದಲು.

ಸುದ್ದಿ ಕಿವಿಗೆ ಬಿದ್ದ ತಕ್ಷಣ ಓಡಿ ಹೋಗಿ ದೇವೀರಿಯನ್ನು ನನ್ನ ಮನೆಗೆ ಎಳೆದುಕೊಂಡು ಬಂದೆ. ಬಸುರಿಗೆ ಕೆಂಡಜ್ವರ ಬಂದರೆ ಕೂಸು ಉಳಿಯುವುದಿಲ್ಲ. ಕೂಸಿನ ಹಿಂದೆ ತಾಯಿಯೂ ಹೋದದ್ದನ್ನು ಆಚೆದಡದವರು ಹೇಳುತ್ತಾರೆ. ಅವಳಿಗೆ ನೀರು ಕುಡಿಸಿ ಕೂರಿಸುವಷ್ಟರಲ್ಲಿ ಅಂಗಳದಲ್ಲಿ ಜನ ಸೇರಿತ್ತು. ಮುಂದೆ ಊರ ಯಜಮಾನ ಮರಿದೇವಯ್ಯ, ಪಕ್ಕದಲ್ಲಿ ಬೀಗಿತ್ತಿ ದೊಡ್ಡತಾಯಮ್ಮ. ಇಪ್ಪತ್ತು ದಿನದ ಹಿಂದೆ ನನ್ನ ಕೈಯಿಂದ ಎಲೆಯಡಿಕೆ ಈಸಿಕೊಂಡವಳು ಈಗ ನನ್ನ ಮುಖ ನೋಡಲಿಲ್ಲ.

"ಹೊನ್ನಾಜಕ್ಕ, ಕಟ್ಟಳೆ ನಿನಗೆ ನಾನು ಹೇಳ್ಬೇಕಾ?" ಎಂದ ಮರಿದೇವಯ್ಯ. "ಯಾರ ನೀರಿಂದ ಜ್ವರ ಬಂತೋ ಆ ಹೆಣ್ಣು ತನ್ನ ಬಾನಿ ಹೊತ್ಕೊಂಡು ಕಾಲುವೆ ದಾಟ್ಬೇಕು."

"ನಮ್ಮ ನೀರು ನಲವತ್ತು ಮನೇಲೈತೆ," ಎಂದಳು ದೊಡ್ಡತಾಯಮ್ಮ. "ನಲವತ್ತು ಮನೇಲೂ ಇಲ್ಲದ ಜ್ವರ ನಮ್ಮನೇಗೆ ಎಲ್ಲಿಂದ ಬಂತು? ಬೇರೆ ನೀರು ಅಂತ ಬಂದಿದ್ದು ಒಂದೇ ಚೊಂಬು. ಮಗಳು ಅಂತ ಕಣ್ಣು ಮುಚ್ಕೊಂಡು ಕೈಯಿಟ್ಟವಳೆ ಇವಳು."

ನನಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆಗೆ ಎಲುಬಿಲ್ಲ ಎಂದು ಏನು ಬೇಕಾದರೂ ಆಡುವುದೇ? "ನಿಮ್ಮ ಬಾನಿಗೂ ಇದೇ ಕೈ ಇಟ್ಟಿದ್ದು, ದೊಡ್ಡತಾಯಿ. ಆಗ ಈ ಕೈ ಸುಳ್ಳು ಹೇಳ್ಲಿಲ್ವಾ?" ಎಂದೆ. ಆದರೆ ಮಗಳನ್ನು ಕಳಿಸುವುದೆಲ್ಲಿಗೆ? ಆಚೆದಡದಲ್ಲಿ ಅದು ಜ್ವರದ ಕಾಲ. ಅಲ್ಲಿಯವರಿಗೆಲ್ಲ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ, ಅವರು ನಗುತ್ತಾ ಓಡಾಡಿಕೊಂಡಿರುತ್ತಾರೆ. ಜ್ವರ ಕಾಣದ ಬಸುರಿ ಅಲ್ಲಿಗೆ ಹೋದರೆ ಎಂಟು ದಿನವೂ ತಪ್ಪಿಸಿಕೊಳ್ಳಲಾರಳು. "ಎಲ್ಲರ ಮುಂದೆ ಇನ್ನೊಂದ್ಸಲ ಕೈಯಿಡ್ತೀನಿ. ಅಲ್ಲಿವರೆಗೆ ನನ್ನ ಮಗಳನ್ನ ಮುಟ್ಟೋ ಹಾಗಿಲ್ಲ," ಎಂದೆ. ಮರಿದೇವಯ್ಯ ಒಪ್ಪಿದ. ಜನ ತಮಾಷೆ ನೋಡಲು ಯಾವಾಗ ಬೇಡ ಎಂದಿದ್ದಾರೆ?

ಕರಿಬಸವನನ್ನು ಮಂಚದ ಸಮೇತ ನನ್ನ ಅಂಗಳಕ್ಕೆ ಹೊತ್ತು ತಂದರು. ಮೊದಲ ಕುಕ್ಕೆಯಲ್ಲಿ ನನ್ನ ಮನೆಯ ಸೊಳ್ಳೆ. ಎರಡನೆಯದರಲ್ಲಿ ಮರಿದೇವಯ್ಯನ ಮನೆಯವು. ಅವನದೂ ದೊಡ್ಡತಾಯಮ್ಮನದೂ ಒಂದೇ ಹಳೆಯ ತಳಿ. ಕುಕ್ಕೆ ಕಟ್ಟಿ ಏಳುವಾಗ ನನಗೇನನಿಸಿತೋ, ಇನ್ನೊಂದನ್ನು ತೆಗೆದುಕೊಂಡು ಅಳಿಯನ ಮನೆಗೇ ಹೋಗಿ ಅಲ್ಲಿ ಈಗ ಹಾರಾಡುತ್ತಿದ್ದ ಕೂಡಿದ ನೀರಿನ ಸೊಳ್ಳೆ ಇಪ್ಪತ್ತನ್ನು ಹಿಡಿದು ತಂದೆ. "ಮೂರನೇದು ಯಾತಕ್ಕೆ?" ಎಂದು ಮರಿದೇವಯ್ಯ ಕೇಳಿದ. "ಇರ್ಲಿ ಬುಡಿ, ಅನ್ನ ಕೇಳೋದಿಲ್ಲ ಅದು," ಎಂದೆ. ಕರಿಬಸವ ಆಯಾ ಬಾನಿಯ ನೀರಲ್ಲಿ ಕೈ ತೊಳೆದು ಮೂರಕ್ಕೂ ಒಂದೊಂದಾಗಿ ಕೈ ಇಟ್ಟ. ನೋವಿಗೆ ಹಲ್ಲು ಕಚ್ಚಿಕೊಂಡು, "ಅತ್ತೆ, ಅವಳನ್ನ ಕಳಿಸಬ್ಯಾಡಿ," ಎಂದು ಅಷ್ಟೇ ಹೇಳಿದ. ಅಳಿಯನ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಆವತ್ತು ಬಂತು.

ಹನ್ನೆರಡು ದಿನ ಬೆಲ್ಲದ ನೀರಲ್ಲಿ ಅದ್ದಿದ ಹತ್ತಿಯನ್ನು ಕುಕ್ಕೆಗಳ ಮೇಲೆ ಇಡುತ್ತಾ, ಸತ್ತವನ್ನು ಎಣಿಸುತ್ತಾ ಕಳೆದೆ. ದೇವೀರಿ ಹಿತ್ತಲಲ್ಲಿ ಅವರೆ ಚಪ್ಪರದ ಕೆಳಗೆ ಕೂರುತ್ತಿದ್ದಳು. ಒಂದು ದಿನ ಕರೆದಳು.

"ಅವ್ವಾ, ಇಲ್ನೋಡು. ಈ ಬಳ್ಳಿ ನೇರಳೆ ಹೂ ಬುಟ್ಟೈತೆ."

"ಬುಟ್ರೆ ಬುಡ್ಲಿ. ನನಗೆ ಹೂವಿನ ಚಿಂತೆನಾ ಈಗ?"

"ಹಂಗಲ್ಲ. ಹೋದ ವರ್ಷ ನಿನ್ನ ಬಿಳಿ ಹೂವಿನ ಅವರೇನೂ ನಮ್ಮತ್ತೆ ಮನೆ ಬಿಳಿ ಹೂವಿನ ಅವರೇನೂ ಒಂದೇ ಚಪ್ಪರಕ್ಕೆ ಹಬ್ಬಿಸಿದ್ವಲ್ಲ? ಆ ಬೀಜ ಹಾಕಿದ್ದಕ್ಕೆ ನೇರಳೆ ಬಂದೈತೆ. ಬಿಳಿಗೂ ಬಿಳಿಗೂ ಹುಟ್ಟಿದ್ದು ನೇರಳೆ ಎಂಗಾಯ್ತು?"

"ನಿನ್ನ ತಲೆ," ಎಂದು ಗದರಿ ಒಳಗೆ ಬಂದೆ. ಆದರೆ ಆ ಮಾತು ಕಿವಿಯೊಳಗೆ ಹೊಕ್ಕ ಎಳ್ಳಿನ ಹಾಗೆ ಅಲ್ಲೇ ಉಳಿಯಿತು. ಒಲೆಯ ಮುಂದೆ ಕೂತು ಯೋಚಿಸಿದೆ. ನಮ್ಮ ಸೊಳ್ಳೆಯೂ ಜ್ವರವನ್ನು ತಡೆಯುತ್ತದೆ, ಅವರದೂ ತಡೆಯುತ್ತದೆ. ಆದರೆ ಒಂದೇ ಬಾಗಿಲಲ್ಲಿ ತಡೆಯಬೇಕೆಂದು ಏನಿದೆ? ನಮ್ಮದು ಮುಂಬಾಗಿಲಲ್ಲಿ, ಹೊಟ್ಟೆಗೆ ಇಳಿಯುವ ಮೊದಲೇ ತಡೆಯಬಹುದು. ಅವರದು ಹೊಟ್ಟೆಗೆ ಬಿಟ್ಟುಕೊಂಡು ಹಿತ್ತಲ ಬಾಗಿಲಲ್ಲಿ, ಎಂಜಲಿಗೆ ಬರುವ ಮೊದಲು ತಡೆಯಬಹುದು. ತಾಯಿ ತಂದೆ ಇಬ್ಬರೂ ಅದೇ ಬಾಗಿಲ ಅಗುಳಿ ಕೊಟ್ಟರೆ ಮಾತ್ರ ಆ ಬಾಗಿಲು ಭದ್ರವಾಗಿ ಮುಚ್ಚುತ್ತದೆ ಎನ್ನೋಣ. ಆಗ ಎರಡು ಮನೆಯ ಮಕ್ಕಳಿಗೆ ಮುಂದಿನದೂ ತೆರೆದಿರುತ್ತದೆ, ಹಿಂದಿನದೂ ತೆರೆದಿರುತ್ತದೆ. ಅನ್ನ ಸೀದು ವಾಸನೆ ಬಂದಾಗಲೇ ನನಗೆ ಎಚ್ಚರವಾಗಿದ್ದು.

ಹದಿಮೂರನೆಯ ದಿನ ಎಲ್ಲರ ಎದುರು ಮೊದಲ ಕುಕ್ಕೆಗೆ ಕೈ ಇಟ್ಟೆ. ಐದು ದಿನವೂ ಬೆಳಗ್ಗೆ ಮರಿದೇವಯ್ಯ ಬಂದು ನನ್ನ ಹಣೆ ಮುಟ್ಟಿ ನೋಡಿದ. ತಣ್ಣಗಿತ್ತು. ನಮ್ಮ ನೀರು ಹಿಡಿಯದ ನೀರು. ಎರಡನೆಯ ಕುಕ್ಕೆಗೆ ಕೈ ಇಟ್ಟೆ. ಮತ್ತೆ ಐದು ದಿನ, ಹಣೆ ಕಲ್ಲಿನಂತೆ ತಣ್ಣಗೆ. ಅವರ ನೀರೂ ಹಿಡಿಯದ ನೀರು. ದೇವೀರಿಯ ಮುಖ ಅರಳಿತು. ನಾನೂ ಗೆದ್ದೆ ಅಂದುಕೊಂಡೆ. ಆಗ ದೊಡ್ಡತಾಯಮ್ಮ ಎದ್ದು ನಿಂತಳು.

"ನಿನ್ನ ನೀರೂ ಹಿಡಿಯಾಕಿಲ್ಲ, ನಮ್ಮ ನೀರೂ ಹಿಡಿಯಾಕಿಲ್ಲ. ಹಂಗಾರೆ ನನ್ನ ಮಗ ಮಲಗಿದ್ದು ಯಾವುದರಿಂದ? ಇದು ನೀರಿನ ಪರೀಕ್ಷೆ ಅಲ್ಲ ಕಣ್ರಯ್ಯ. ಇವಳ ಮೈಗೇ ಜ್ವರ ಹತ್ತಾಕಿಲ್ಲ. ಇವಳಿಗೆ ಚಿಕ್ಕಂದಿನಲ್ಲೇ ಬಂದೋಗೈತೆ. ಮೂವತ್ತು ವರ್ಷದಿಂದ ನಮ್ಮ ಕಣ್ಣಿಗೆ ಮಣ್ಣು ಎರಚವಳೆ!"

ಅಂಗಳ ಗುಜುಗುಜು ಎಂದಿತು. ಅವಳ ಮಾತಿಗೆ ನನ್ನ ಎದೆಯಲ್ಲಿ ಒಂದು ಹಳೆಯ ಮುಳ್ಳು ಅಲುಗಾಡಿತು. ನನ್ನವ್ವ ಸಾಯುವ ಮುಂಚೆ ಒಮ್ಮೆ ಅಂದಿದ್ದಳು, "ನೀನು ಎರಡು ವರ್ಷದವಳಿದ್ದಾಗ ಮೂರು ದಿನ ಮೈ ಸುಟ್ಟಿತ್ತು, ಹಲ್ಲು ಬರೋ ಜ್ವರ ಅಂದ್ಕೊಂಡೆ." ಹಲ್ಲಿನದೋ, ಕೆಂಡದ್ದೋ? ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಜ್ವರ ಬಂದಿದ್ದರೆ ತಾನೆ ಈ ಕೈ ಸಾಚಾ ಎಂದು ನನಗಾದರೂ ಗೊತ್ತಾಗುವುದು! ಆ ಮಾತನ್ನು ಯಾರಿಗೂ ಹೇಳಿರಲಿಲ್ಲ, ಆವತ್ತೂ ಹೇಳಲಿಲ್ಲ. ದೇವೀರಿಯ ಅವರೆ ಹೂವನ್ನು ಕಿತ್ತು ತಂದು ಮರಿದೇವಯ್ಯನ ಕೈಗೆ ಕೊಟ್ಟು, ಬಿಳಿಗೂ ಬಿಳಿಗೂ ನೇರಳೆ ಹುಟ್ಟಿದ ಕಥೆ ಹೇಳಿದೆ. "ನೀರು ಎರಡೂ ಒಳ್ಳೇದೇ. ಕೂಡಿದ್ದು ಕೆಟ್ಟಿದ್ದು. ಮೂರನೇ ಕುಕ್ಕೆಗೆ ಕೈಯಿಡ್ತೀನಿ. ನನಗೆ ಜ್ವರ ಬಂದ್ರೆ ನನ್ನ ಕೈಯೂ ಸಾಚಾ, ನನ್ನ ಮಗಳ ನೀರೂ ಸಾಚಾ," ಎಂದೆ.

"ಬರದಿದ್ರೆ?" ಎಂದ ಮರಿದೇವಯ್ಯ.

"ಬರದಿದ್ರೆ ಐದನೇ ದಿನ ಹೊತ್ತು ಮುಳುಗೋ ಮುಂಚೆ ನಾನೇ ಅವಳನ್ನ ಕಾಲುವೆ ದಾಟಿಸ್ತೀನಿ."

ಹೇಳುವುದೇನೋ ಹೇಳಿಬಿಟ್ಟೆ. ಮೂರನೆಯ ಕುಕ್ಕೆಯನ್ನು ನೋಡಿದರೆ ಜೀವ ಹಾರಿತು. ಅದನ್ನು ಕಟ್ಟಿ ಇಪ್ಪತ್ತೆರಡು ದಿನ ಕಳೆದಿತ್ತು. ಸೊಳ್ಳೆಯ ಆಯುಸ್ಸು ಎಷ್ಟು ಮಹಾ! ಇಪ್ಪತ್ತರಲ್ಲಿ ಉಳಿದದ್ದು ಎರಡು. ಒಂದು ರೆಕ್ಕೆ ಮುರಿದುಕೊಂಡು ತಳದಲ್ಲಿ ತೆವಳುತ್ತಿತ್ತು, ಇನ್ನೊಂದು ಬಟ್ಟೆಗೆ ಅಂಟಿಕೊಂಡು ಕೂತಿತ್ತು. ಕೂಡಿದ ಬಾನಿಯ ನೀರು ತರಿಸಿ ಕೈ ತೊಳೆದು ಒಳಗಿಟ್ಟೆ. ಅದು ಅಲ್ಲಾಡಲಿಲ್ಲ. ಅರ್ಧ ಗಂಟೆಯಾಯಿತು, ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ತೋಳು ಜೋಮು ಹಿಡಿಯಿತು. "ಬಾ ನನ್ನವ್ವ, ಬಾ ತಾಯಿ, ಒಂದೇ ಒಂದು ಗುಟುಕು," ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಸೊಳ್ಳೆಗೆ ಹರಕೆ ಹೊತ್ತವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಕೊನೆಗೆ ಅದು ಹಾರಿತು, ಮೊಣಕೈ ಹತ್ತಿರ ಕೂತಿತು, ಸೂಜಿ ಇಳಿಸಿತು. ಅದರ ಹೊಟ್ಟೆ ಕೆಂಪಗೆ ಉಬ್ಬುವುದನ್ನು ಅಂಗಳದ ಜನವೆಲ್ಲ ಬಗ್ಗಿ ನೋಡಿದರು.

ಆಮೇಲಿನ ಐದು ದಿನ ನನ್ನ ವೈರಿಗೂ ಬೇಡ. ಮೊದಲ ದಿನ ಏನೂ ಇಲ್ಲ. ಎರಡನೆಯ ದಿನ ಏನೂ ಇಲ್ಲ. ಮೂರನೆಯ ದಿನ ತಲೆ ಭಾರ ಎನಿಸಿತು, ಸಂತೋಷದಿಂದ ಎದ್ದು ಕೂತೆ. ನಿದ್ದೆಗೆಟ್ಟದ್ದಕ್ಕೆ ಎಂದು ಆಮೇಲೆ ತಿಳಿಯಿತು. ನಾಲ್ಕನೆಯ ದಿನ ಬೆಂಕಿಯ ಮುಂದೆ ಹಣೆಯೊಡ್ಡಿ ಕೂತು ಯಜಮಾನನಿಗೆ ಮೋಸ ಮಾಡೋಣವೇ ಎಂದೂ ಯೋಚಿಸಿದೆ. ದೇವೀರಿ ನನ್ನ ಭುಜ ಹಿಡಿದು ಹಿಂದಕ್ಕೆಳೆದಳು. "ಬ್ಯಾಡ ಕಣವ್ವ. ಕಣ್ಣು ಕೆಂಪಾಗದೆ ಹಣೆ ಬಿಸಿಯಾದ್ರೆ ಅವ್ರು ನಂಬ್ತಾರಾ?" ಎಂದಳು. ಆಮೇಲೆ ಮೆಲ್ಲಗೆ ತನ್ನ ಸೀರೆಗಳನ್ನು ಮಡಿಸಿ ಗಂಟು ಕಟ್ಟತೊಡಗಿದಳು. ನಾನು ಅದನ್ನು ಬಿಚ್ಚಿದೆ. ಅವಳು ಮತ್ತೆ ಕಟ್ಟಿದಳು.

ಐದನೆಯ ದಿನ ಬೆಳಗ್ಗೆ ಮರಿದೇವಯ್ಯ ಹಣೆ ಮುಟ್ಟಿ ತಲೆಯಾಡಿಸಿದ. "ಸಂಜೆ ಬತ್ತೀನಿ," ಎಂದ. ಮಧ್ಯಾಹ್ನ ಮಗಳಿಗೆ ಇಷ್ಟವೆಂದು ಹಿದುಕವರೆ ಸಾರು ಮಾಡಲು ಕೂತೆ. ನೆನೆಸಿದ ಕಾಳನ್ನು ಹಿಚುಕುತ್ತಾ ಹಿಚುಕುತ್ತಾ ಬೆರಳ ಗೆಣ್ಣು ನೋಯತೊಡಗಿತು. ಹಿಚುಕಿದ್ದಕ್ಕೆ ಇರಬೇಕು ಎಂದುಕೊಂಡೆ. ಏಳಲು ಹೋದರೆ ಮಂಡಿ ಏಳಲಿಲ್ಲ. ಕಣ್ಣ ಹಿಂದೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ ನೋವು. ಉರಿಬಿಸಿಲಿನಲ್ಲಿ ನನಗೆ ಚಳಿಯಾಯಿತು. ಹಲ್ಲು ಕಟಕಟ ಎನ್ನುತ್ತಿತ್ತು.

"ದೇವೀರಿ! ಬಂತು ಕಣೆ! ಬಂತು! ಯಜಮಾನನ್ನ ಕರಿ, ನಿಮ್ಮತ್ತೇನೂ ಕರಿ, ಊರನ್ನೇ ಕರಿ!" ಎಂದು ಕೂಗಿದೆ. ಮಗಳು ಅಳುತ್ತಾ ನಗುತ್ತಾ ಓಡಿದಳು. ಮರಿದೇವಯ್ಯ ಬಂದು ಹಣೆ ಮುಟ್ಟಿದವನು ಕೈ ಹಿಂದಕ್ಕೆ ಎಳೆದುಕೊಂಡ. ನನ್ನ ಕೆಂಪು ಕಣ್ಣನ್ನು ದೊಡ್ಡತಾಯಮ್ಮನಿಗೆ ಅಗಲಿಸಿ ತೋರಿಸಿದೆ. ಅವಳು ಒಳಗೆ ಹೋಗಿ ದೇವೀರಿಯ ಗಂಟನ್ನು ಬಿಚ್ಚಿ ಸೀರೆಗಳನ್ನು ಒಂದೊಂದಾಗಿ ಗಳುವಿನ ಮೇಲೆ ಹಾಕಿದಳು.

ಮೂರು ದಿನ ಬಿಟ್ಟು, ಜ್ವರ ಇಳಿಯುವ ಮುಂಚೆಯೇ, ಮರಿದೇವಯ್ಯ ಮತ್ತೆ ಬಂದ. ಈ ಸಲ ಒಬ್ಬನೇ. ಜಗಲಿಯ ತುದಿಯಲ್ಲಿ ಕೂತು ನೆಲ ನೋಡುತ್ತಾ ಮಾತಾಡಿದ. ಕೂಡಿದ ಬಾನಿಯನ್ನು ಕಾದ ಮರಳಿಗೆ ಚೆಲ್ಲಿ ಆಗಿದೆ, ಹಾರಾಡುತ್ತಿದ್ದವನ್ನು ಹೊಗೆಯಿಟ್ಟು ತೀರಿಸಿದ್ದಾರೆ, ಕರಿಬಸವನ ಮನೆಗೆ ಹಳೆಯ ತಳಿಯ ನೀರನ್ನೇ ತುಂಬಿಸಿದ್ದಾರೆ, ದೇವೀರಿ ಅಲ್ಲೇ ಬಾಳಬಹುದು ಎಂದ. "ಆದ್ರೆ ಅಕ್ಕ, ಕೂಡಿದ್ರೆ ಕೆಡೋ ಎರಡು ನೀರು ಒಂದೇ ಊರಲ್ಲಿ ಇರಬಾರ್ದು. ಅವಳಿಗೆ ಹುಟ್ಟೋ ಮಗಳು ನಾಳೆ ಅಜ್ಜಿ ಬಾನಿ ಅಂತ ಒಂದು ಚೊಂಬು ತಗೊಂಡು ಹೋದ್ರೆ? ಹಳೇ ನೀರು ನಲವತ್ತು ಮನೇಲೈತೆ. ನಿನ್ನದು ಒಂದು."

"ಒಗಟು ಹೇಳ್ಬ್ಯಾಡಪ್ಪ, ಗೊತ್ತಾಯ್ತು," ಎಂದೆ.

ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಬಾನಿಯ ಸುತ್ತ ನಾನೇ ಅಗೆದೆ. ಕೀಲೆಲ್ಲ ಕಿರುಗುಟ್ಟಿದವು. ದೇವೀರಿ ಬೇಡ ಬೇಡ ಎಂದು ಅತ್ತಳು, ತಾನೇ ಆಚೆದಡಕ್ಕೆ ಹೋಗುತ್ತೇನೆ ಎಂದಳು. ಕಪಾಳಕ್ಕೆ ಬಿಡುತ್ತೇನೆ ಎಂದು ಗದರಿದೆ. ಅಜ್ಜಿ ಹೊತ್ತು ತಂದ ನೀರು ಕಾದ ಮರಳಿನ ಮೇಲೆ ಹರಿದು ಇಂಗಿತು. ಕಪ್ಪು ಎಳೆಗಳಂಥ ಮರಿಗಳು ಸ್ವಲ್ಪ ಹೊತ್ತು ಬಳುಕಾಡಿ ಸುಮ್ಮನಾದವು. ಸೂರಿನಡಿ ಉಳಿದಿದ್ದವು ತಿಂಗಳೊಳಗೆ ತಾವಾಗಿ ತೀರಿಹೋದವು. ಈಗ ನನ್ನ ಮನೆಯಲ್ಲಿ ಸಂಜೆ ಎಂದರೆ ಬರೀ ಸಂಜೆ. ಕಿವಿಯ ಹತ್ತಿರ ಗುಂಯ್ ಎನ್ನುವ ಒಂದು ದನಿಯಿಲ್ಲ. ನನಗೀಗ ಜ್ವರ ಬಂದು ಹೋದದ್ದರಿಂದ ಕೈಯಿಡುವ ಕೆಲಸವೂ ಇಲ್ಲ. ಇನ್ನು ಮುಂದೆ ಪ್ರತಿ ಮದುವೆಗೂ ಮೂರನೆಯ ಕುಕ್ಕೆ ಕಟ್ಟಬೇಕೆಂದು ಮರಿದೇವಯ್ಯ ಕಟ್ಟಳೆ ಮಾಡಿದ್ದಾನೆ. ಅದಕ್ಕೆ ಕೈ ಕೊಡುವವರು ಮಾತ್ರ ಇನ್ನೂ ಸಿಕ್ಕಿಲ್ಲ.

ದೇವೀರಿ ಹೆರಿಗೆಗೆ ನನ್ನ ಮನೆಗೇ ಬಂದಳು. ಹೆಣ್ಣು ಕೂಸು, ತಲೆ ತುಂಬ ಕೂದಲು. ಮೂರನೆಯ ಮುಸ್ಸಂಜೆ ಅಭ್ಯಾಸಬಲದಿಂದ ಕೂಸನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಹತ್ತಿರ ಹೋದೆ. ಬಾನಿ ಇದ್ದ ಜಾಗದಲ್ಲಿ ಗುಂಡಿ. ಹಾಗೇ ಹೊಸಿಲ ಮೇಲೆ ಕೂತೆ. ಕೂಸು ತೊಡೆಯ ಮೇಲೆ ನಿದ್ದೆ ಹೋಗಿತ್ತು. ಎಷ್ಟು ಹೊತ್ತು ಕೂತರೂ ಯಾರು ಬರಬೇಕು? ದೇವೀರಿ ಬಾಣಂತಿ ಕೋಣೆಯಿಂದ ಕೇಳಿದಳು, "ಅವ್ವಾ, ಆಯ್ತಾ?" ಅವಳಿಗೂ ಗೊತ್ತು, ಆದರೂ ಕೇಳಿದಳು. ನಾನು ಕೂಸಿನ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದು, ಹಿಮ್ಮಡಿಯ ಮೇಲೆ ಎರಡು ಉಗುರು ಸೇರಿಸಿ ಮೆಲ್ಲಗೆ ಚಿವುಟಿದೆ. ಕೂಸು ಕಿಟಾರನೆ ಕಿರುಚಿಕೊಂಡಿತು. ಸಾಸಿವೆ ಕಾಳಿನಷ್ಟು ಕೆಂಪು ಗುರುತು ಎದ್ದಿತು.

"ಆಯ್ತು ಕಣವ್ವ," ಎಂದೆ, "ಅರಿಶಿನ ಕೊಡು."